ಟೆಂಪೋದಾಗ ತಂಪು

ನಮ್ಮ ಸೋದರಮಾವ ಆಟಿಗೆ ಸಾಮಾನು, ಬಳೆ, ಟಿಕಳಿ ತುಂಬಿಕೊಂಡು ಟೆಂಪೋದಲ್ಲಿ ಜಾತ್ರೆಯಿಂದ ಜಾತ್ರೆಗೆ ತಿರುಗುವ ಮನುಷ್ಯ. ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆ, ಶ್ರಾವಣದಲ್ಲಿ ಬಸವನ ಬಾಗೇವಾಡಿಯ ಬಸವೇಶ್ವರ ಜಾತ್ರೆ, ನಡುವೆ ಇಂಡಿ, ಸಿಂದಗಿ, ಮುದ್ದೇಬಿಹಾಳ ಕಡೆಯ ಊರೂರಿನ ತೇರು. ವರ್ಷದಲ್ಲಿ ಐದಾರು ತಿಂಗಳು ಟೆಂಪೋದ ಹಿಂಭಾಗವೇ ಅವನ ಮನೆ. ಹೋದ ಬೇಸಿಗೆಯಲ್ಲಿ ಯಾರದೋ ಮಾತು ಕೇಳಿ ಒಂದು ಸಣ್ಣ ‘ಗಾಡಿ ಫ್ರಿಜ್’ ತರಿಸಿದ. ಎರಡನೇ ದಿನ ಫೋನು: “ತಮ್ಮಾ, ಪೆಟಿಗಿ ತಂಪೈತಿ. ಕೈ ಇಟ್ಟರ ತಂಪು ಹತ್ತತೈತಿ. ಆದ್ರ ಹಾಲು ಯಾಕ ಒಡದಾವು?”

ಮುಂದಿನ ಸಂತೆಯ ದಿನ ಥರ್ಮಾಮೀಟರ್ ಹಿಡಿದುಕೊಂಡು ಹೋದೆ. ಹೊರಗೆ ನೆರಳಲ್ಲಿ 41 ಡಿಗ್ರಿ. ಪೆಟ್ಟಿಗೆಯೊಳಗೆ 23. ಪಕ್ಕದಲ್ಲೇ ಒದ್ದೆ ಅರಿವೆ ಸುತ್ತಿದ ಗಡಿಗೆ ಇತ್ತು. ಅದರ ನೀರಿಗೆ ಅದ್ದಿ ನೋಡಿದರೆ 24. ಸಾವಿರಾರು ರೂಪಾಯಿ ಕೊಟ್ಟು, ಹಗಲೂ ರಾತ್ರಿ ಬ್ಯಾಟರಿ ಹಿಂಡಿ ಮಾಮಾ ಗಳಿಸಿದ ಲಾಭ ಒಂದೇ ಒಂದು ಡಿಗ್ರಿ.

ಇಲ್ಲಿ ಗಾಡಿಯಲ್ಲೇ ಬದುಕುವವರು ಕಡಿಮೆಯಿಲ್ಲ. ಜಾತ್ರೆ ಅಂಗಡಿಯವರಿದ್ದಾರೆ, ಬೋರ್‌ವೆಲ್ ಗಾಡಿಯ ಹುಡುಗರಿದ್ದಾರೆ, ಇಂಡಿಯ ನಿಂಬೆ ಹೇರಿಕೊಂಡು ದೂರದ ಮಾರ್ಕೆಟ್‌ಗೆ ಹೋಗುವ ಲಾರಿ ಡ್ರೈವರ್‌ಗಳಿದ್ದಾರೆ, ಕಬ್ಬಿನ ಹಂಗಾಮಿನಲ್ಲಿ ಕಟಾವು ಯಂತ್ರದ ಜೊತೆಗೇ ಮಲಗೇಳುವವರಿದ್ದಾರೆ. ಯುಗಾದಿ ಹೊತ್ತಿಗೆ ಶ್ರೀಶೈಲಕ್ಕೆ ನಡೆದು ಹೊರಡುವವರ ಹಿಂದೆ ಅಡುಗೆ ಸಾಮಾನು ಹೊತ್ತ ಟಂಟಂ, ಟ್ರ್ಯಾಕ್ಟರ್ ಇರುತ್ತವೆ. ಗಾಡಿಗೆ ಫ್ರಿಜ್ ಕೊಳ್ಳಬೇಕೆನ್ನುವವರಿಗೆ ಕಂಪನಿಯವರ ಹೊಳೆಯುವ ಚಿತ್ರಗಳಲ್ಲಿ ಕಾಣುವುದು ಹಿಮದ ಬೆಟ್ಟ, ಕೆರೆ ದಂಡೆ. ನಮ್ಮ ಲೆಕ್ಕ ಶುರುವಾಗುವುದು 42 ಡಿಗ್ರಿಯಿಂದ.

ಕೊಳ್ಳುವ ಮೊದಲು ಒಂದು ಚೀಟಿ ತೆಗೆದುಕೊಂಡು ಒಳಗೆ ಏನೇನು ಇಡುತ್ತೀರಿ ಅಂತ ಬರೆಯಿರಿ. ನಮ್ಮ ಸೀಮೆಯ ಊಟ ಫ್ರಿಜ್ ಹುಟ್ಟುವ ಮೊದಲೇ ಪ್ರಯಾಣಕ್ಕೆ ತಯಾರಾದ ಊಟ. ಕಡಕ್ ಜೋಳದ ರೊಟ್ಟಿ ವಾರಗಟ್ಟಲೆ ಇರುತ್ತದೆ. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿಗೆ ಡಬ್ಬಿ ಸಾಕು. ಉಳ್ಳಾಗಡ್ಡಿ, ಬಟಾಟಿ, ಬೆಳ್ಳುಳ್ಳಿಗೆ ಗಾಳಿ ಬೇಕು, ತಂಪಲ್ಲ. ಇವನ್ನೆಲ್ಲ ಹೊಡೆದು ಹಾಕಿದ ಮೇಲೆ ಚೀಟಿಯಲ್ಲಿ ಉಳಿಯುವುದು ಹಾಲು, ಮೊಸರು, ಸೊಪ್ಪು, ಹಸಿ ಮೆಣಸಿನಕಾಯಿ, ಮಾಂಸ ತಿನ್ನುವವರಿಗೆ ಮಾಂಸ, ಯಾರಿಗಾದರೂ ಸಕ್ಕರೆ ಕಾಯಿಲೆ ಇದ್ದರೆ ಇನ್ಸುಲಿನ್. ಇಷ್ಟಕ್ಕೆ ಒಬ್ಬರಿಗೆ 15-20 ಲೀಟರಿನ ಪೆಟ್ಟಿಗೆ, ಇಬ್ಬರಿಗೆ 30-35, ನಾಲ್ಕೈದು ಜನರ ತಂಡಕ್ಕೆ 45-50 ಧಾರಾಳವಾಯಿತು. ‘ದೊಡ್ಡದಿದ್ದರೆ ಚೊಲೊ’ ಅನ್ನುವುದು ಮನೆಯ ಫ್ರಿಜ್‌ಗೆ ಸರಿ. ಇಲ್ಲಿ ಖಾಲಿ ಜಾಗವನ್ನೂ ಬ್ಯಾಟರಿಯೇ ತಂಪು ಮಾಡಬೇಕು.

ಚೀಟಿಯಲ್ಲಿ ‘ಕುಡಿಯುವ ನೀರು’ ಅಂತ ಬರೆದಿದ್ದರೆ ಅದನ್ನೂ ಹೊಡೆಯಿರಿ. 38 ಡಿಗ್ರಿಯ 10 ಲೀಟರ್ ನೀರನ್ನು 8ಕ್ಕೆ ಇಳಿಸಲು ಮನೆ ಮೀಟರಿನ ಲೆಕ್ಕದಲ್ಲಿ ಸುಮಾರು ಕಾಲು ಯೂನಿಟ್ ಕರೆಂಟು ಹೋಗುತ್ತದೆ. ಸಣ್ಣ ಫ್ರಿಜ್ ಇಡೀ ದಿನ ತಿನ್ನುವುದೇ ಅರ್ಧ ಯೂನಿಟ್. ನೀರಿಗೆ ಗಡಿಗೆ ಇದೆ. ನಮ್ಮ ಬೇಸಿಗೆಯ ಗಾಳಿ ಒಣಗಾಳಿ, ಗಡಿಗೆಯ ಮೈಯಿಂದ ನೀರು ಬೇಗ ಆರುತ್ತದೆ, ಆರುವಾಗ ಒಳಗಿನ ಶಾಖವನ್ನು ಹೊತ್ತೊಯ್ಯುತ್ತದೆ. ಮಂಗಳೂರಿನ ತೇವದ ಗಾಳಿಯಲ್ಲಿ ಇಷ್ಟು ಚೆನ್ನಾಗಿ ನಡೆಯದ ಈ ಉಪಾಯ ಇಂಡಿ-ಸಿಂದಗಿಯಲ್ಲಿ ಪುಗಸಟ್ಟೆ ನಡೆಯುತ್ತದೆ. ಗುಜರಾತಿನ ವಾಂಕಾನೇರದ ಕುಂಬಾರ ಮನಸುಖಭಾಯಿ ಪ್ರಜಾಪತಿ ಇದೇ ತತ್ವದ ಮೇಲೆ ‘ಮಿಟ್ಟಿಕೂಲ್’ ಎಂಬ ಮಣ್ಣಿನ ಫ್ರಿಜ್ಜನ್ನೇ ಮಾಡಿ ಹೆಸರಾದರು. ಗಾಡಿ ಅಲುಗಾಡುವಾಗ ಗಡಿಗೆ ಒಡೆಯುತ್ತದೆ ಎನ್ನುವವರು ಹಳೆಯ ಟೈರಿನೊಳಗೆ ಕೂರಿಸಿ, ಇಲ್ಲವೇ ಕ್ಯಾನಿಗೆ ಗೋಣಿಚೀಲ ಹೊಲಿದು ಒದ್ದೆ ಮಾಡಿ ಕಿಟಕಿ ಬದಿ ತೂಗುಹಾಕಿ.

ಪೆಟ್ಟಿಗೆಯಲ್ಲಿ ಮೂರು ಜಾತಿ

ಮಾಮಾ ತಂದದ್ದು ಪೆಲ್ಟಿಯರ್ ಜಾತಿಯ ಪೆಟ್ಟಿಗೆ. ಒಂದು ಚಿಪ್ಪಿಗೆ ಕರೆಂಟು ಹರಿಸಿದರೆ ಅದರ ಒಂದು ಮಗ್ಗಲು ತಂಪಾಗುತ್ತದೆ, ಇನ್ನೊಂದು ಬಿಸಿಯಾಗುತ್ತದೆ. 1834ರಲ್ಲಿ ಫ್ರಾನ್ಸಿನ ಪೆಲ್ಟಿಯರ್ ಕಂಡುಹಿಡಿದದ್ದು. ಕಂಪ್ರೆಸರ್ ಇಲ್ಲ, ಗ್ಯಾಸ್ ಇಲ್ಲ, ಹಗುರ, ಅಗ್ಗ. ಮಿತಿ ಒಂದೇ, ಆದರೆ ಅದು ದೊಡ್ಡದು: ಹೊರಗಿನ ಶಾಖಕ್ಕಿಂತ ಹೆಚ್ಚೆಂದರೆ 15-20 ಡಿಗ್ರಿ ಕೆಳಗೆ ಇಳಿಯುತ್ತದೆ. ಬೆಂಗಳೂರಿನ 26ರಲ್ಲಿ ಅದು ಫ್ರಿಜ್. ನಮ್ಮ 42ರಲ್ಲಿ ಅದು ಗಡಿಗೆ. ಹಾಲಿಗೆ ಬೇಕಾದದ್ದು 5 ಡಿಗ್ರಿಯ ಆಸುಪಾಸು. ಮೇಲಾಗಿ, 50 ವ್ಯಾಟಿನ ಇಂಥ ಪೆಟ್ಟಿಗೆ ಸೆಕೆಯಲ್ಲಿ ಒಂದು ಕ್ಷಣವೂ ನಿಲ್ಲದೆ ಓಡಿ ದಿನಕ್ಕೆ 1.2 ಯೂನಿಟ್ ನುಂಗುತ್ತದೆ. ಅಗ್ಗದ ಪೆಟ್ಟಿಗೆಗೆ ದುಬಾರಿ ಬ್ಯಾಟರಿ ಬೇಕಾಗುವ ಚಮತ್ಕಾರ ಇದು.

ಹಾಗಂತ ಈ ಚಿಪ್ಪನ್ನು ಪೂರ್ತಿ ಬೈಯಲಾರೆ. ಸೊಲ್ಲಾಪುರದ ಆಚೆಯ ಉಸ್ಮಾನಾಬಾದ್, ಅಂದರೆ ಈಗಿನ ಧಾರಾಶಿವ ಜಿಲ್ಲೆಯ ಹಳ್ಳಿ ಹೆಣ್ಣುಮಕ್ಕಳ ಜೊತೆ ಕೂತು ಗೋದ್ರೇಜ್ ಕಂಪನಿಯವರು ‘ಛೋಟೂಕೂಲ್’ ಎಂಬ 43 ಲೀಟರಿನ ಪುಟ್ಟ ಪೆಟ್ಟಿಗೆ ರೂಪಿಸಿದ್ದರು. 12 ವೋಲ್ಟಿನಲ್ಲೂ ನಡೆಯುವ, ಇದೇ ಚಿಪ್ಪಿನ, ಎಂಟು ಕಿಲೋ ಒಳಗಿನ ತೂಕದ ಸಾಮಾನು. ಧಾರಾಶಿವದ ಬಿಸಿಲು ನಮ್ಮ ಬಿಸಿಲಿನ ಖಾಸಾ ತಮ್ಮ. ಐಸ್ ಕಟ್ಟುವುದು ಅದರ ಗುರಿಯೇ ಆಗಿರಲಿಲ್ಲ; ಕಾಯಿಪಲ್ಯ, ಉಳಿದ ಅಡುಗೆ ಇನ್ನೊಂದು ದಿನ ತಡೆದರೆ ಸಾಕು ಎಂಬ ಲೆಕ್ಕ. ಹಳ್ಳಿಯಲ್ಲಿ ಅದು ಅಂದುಕೊಂಡಷ್ಟು ಓಡಲಿಲ್ಲ. ಆದರೆ ಅದರ ಒಂದು ಬುದ್ಧಿವಂತಿಕೆ ನಮಗೂ ಬೇಕು: ಬಾಗಿಲು ಮೇಲಕ್ಕೆ ತೆರೆಯುತ್ತಿತ್ತು. ತಂಪುಗಾಳಿ ಭಾರ, ಬಾವಿಯ ನೀರಿನ ಹಾಗೆ ತಳದಲ್ಲಿ ನಿಲ್ಲುತ್ತದೆ. ಮುಂದಕ್ಕೆ ತೆರೆಯುವ ಬಾಗಿಲಾದರೆ ಪ್ರತಿ ಸಲವೂ ಅದು ಕಾಲಮೇಲೆ ಸುರಿದುಹೋಗುತ್ತದೆ. ಗಾಡಿಗೆ ಯಾವುದನ್ನೇ ಕೊಳ್ಳಿ, ಮೇಲೆ ಮುಚ್ಚಳ ಇರುವುದನ್ನೇ ಕೊಳ್ಳಿ.

ಎರಡನೆಯದು ಗ್ಯಾಸಿನ ಉರಿಯಿಂದ ನಡೆಯುವ ಹೀರುವಿಕೆಯ ಫ್ರಿಜ್. ಅಮೋನಿಯಾ ಕಾಯಿಸಿ ತಂಪು ಮಾಡುವ ಈ ವಿದ್ಯೆ 1920ರ ದಶಕದ ಸ್ವೀಡನ್ನಿನದು, ವಿದೇಶದ ಮನೆಗಾಡಿಗಳಲ್ಲಿ ಬಹಳ ಬಳಕೆ. ಸಮತಟ್ಟಾಗಿ ನಿಲ್ಲಿಸದಿದ್ದರೆ ಕೆಲಸ ಮಾಡದು, ಸೆಕೆಯಲ್ಲಿ ಸೋಲುತ್ತದೆ, ಮಲಗುವ ಜಾಗದಲ್ಲಿ ರಾತ್ರಿಯಿಡೀ ಉರಿ ಇಟ್ಟರೆ ವಿಷಗಾಳಿ ಕಟ್ಟುವ ಭಯ. ನಮಗೆ ಬೇಡ.

ಉಳಿದದ್ದು ಕಂಪ್ರೆಸರ್. ಮನೆಯ ಫ್ರಿಜ್‌ನಲ್ಲಿರುವುದೇ, ಆದರೆ 12 ಮತ್ತು 24 ವೋಲ್ಟಿಗೆ ಹೊಂದುವ ಸಣ್ಣದು. ಡ್ಯಾನ್‌ಫಾಸ್ ಹೆಸರಿನಲ್ಲಿ ಬಂದು ಈಗ ಸೆಕಾಪ್ ಆಗಿರುವ ಕಂಪ್ರೆಸರ್ ಈ ಕೆಲಸದಲ್ಲಿ ಹಳೆಯ ಹೆಸರು. ಡೊಮೆಟಿಕ್, ಎಂಗೆಲ್, ಆಲ್ಪಿಕೂಲ್ ಮೊದಲಾದ ಕಂಪನಿಗಳ ಪೆಟ್ಟಿಗೆಗಳು ಪೇಟೆಯಲ್ಲಿವೆ. ಬೆಲೆ ಪೆಲ್ಟಿಯರಿನ ಮೂರು ನಾಲ್ಕು ಪಟ್ಟು. ಓಡುವಾಗ 45-60 ವ್ಯಾಟ್ ಎಳೆಯುತ್ತದೆ, ತಂಪಾದ ಮೇಲೆ ತಾನೇ ನಿಲ್ಲುತ್ತದೆ, ಬಿಸಿಯಾದರೆ ಮತ್ತೆ ಏಳುತ್ತದೆ. ಏಪ್ರಿಲ್ ಮಧ್ಯಾಹ್ನ ಅರ್ಧಕ್ಕಿಂತ ಹೆಚ್ಚು ಹೊತ್ತು, ನಸುಕಿನಲ್ಲಿ ಅದಕ್ಕಿಂತ ಬಹಳ ಕಡಿಮೆ ಹೊತ್ತು ಓಡುತ್ತದೆ. 40 ಲೀಟರಿನದಕ್ಕೆ ದಿನದ ಸರಾಸರಿ ಅರ್ಧ ಯೂನಿಟ್‌ನ ಸುತ್ತಮುತ್ತ. ಈ ಮೂರರಲ್ಲಿ ಹಾಲು ಉಳಿಸುವುದು ಇದೊಂದೇ.

ಕೆಲವರು ಕೇಳುತ್ತಾರೆ: “ಮನಿಯಾಗಿನ ಸಣ್ಣ ಫ್ರಿಜ್ಜನ್ನ ಇನ್ವರ್ಟರ್ ಹಚ್ಚಿ ಇಟ್ಟರ ಆಗಂಗಿಲ್ಲೇನ್ರಿ?” ನಡೆಯುತ್ತದೆ, ಹುಬ್ಬಳ್ಳಿ ರಸ್ತೆಯಷ್ಟು ನುಣುಪು ಎಲ್ಲ ಕಡೆ ಇದ್ದರೆ. ಅದರ ಕಂಪ್ರೆಸರ್ ಏಳುವ ಕ್ಷಣದಲ್ಲಿ ಹಲವು ಪಟ್ಟು ಕರೆಂಟು ಕೇಳುತ್ತದೆ, ಇನ್ವರ್ಟರ್ ತನ್ನ ಪಾಲು ತಿನ್ನುತ್ತದೆ, ಕಚ್ಚಾ ರಸ್ತೆಯ ಕುಲುಕಾಟಕ್ಕೆ ಅದರ ಕಾಲೂ ಬಾಗಿಲೂ ಮಾಡಿದವಲ್ಲ.

ಸ್ಟಿಕರಿನ ಮೇಲಿನ ಒಂದು ಅಕ್ಷರ

ಫ್ರಿಜ್ ಮಾರುವವರು ‘ಮೈನಸ್ 20’ ಅಂತ ದೊಡ್ಡಕ್ಷರದಲ್ಲಿ ಬರೆದಿರುತ್ತಾರೆ. ಅದು ಗುಂಡಿ ತಿರುಗಿಸಬಹುದಾದ ಅಂಕಿ. ನಮ್ಮ ಸೆಕೆಯಲ್ಲಿ ಅಲ್ಲಿಗೆ ಮುಟ್ಟುತ್ತದೆಂಬ ಭರವಸೆಯಲ್ಲ. ನೀವು ನೋಡಬೇಕಾದದ್ದು ಹಿಂದಿನ ಸ್ಟಿಕರಿನಲ್ಲಿ ‘ಕ್ಲೈಮೇಟ್ ಕ್ಲಾಸ್’ ಎಂಬಲ್ಲಿರುವ ಅಕ್ಷರ. ‘ಎನ್’ ಇದ್ದರೆ ಸುತ್ತಲಿನ ಶಾಖ 32 ಡಿಗ್ರಿಯವರೆಗೆ, ‘ಎಸ್‌ಟಿ’ ಇದ್ದರೆ 38ರವರೆಗೆ, ‘ಟಿ’ ಇದ್ದರೆ 43ರವರೆಗೆ ಕೆಲಸ ಮಾಡಲೆಂದು ಮಾಡಿದ್ದು. ನಮಗೆ ‘ಟಿ’ಗಿಂತ ಕಡಿಮೆಯದು ಬೇಡ.

‘ಟಿ’ ಸಿಕ್ಕರೂ ನೆಮ್ಮದಿ ಪೂರ್ತಿಯಲ್ಲ. ಬಿಸಿಲಲ್ಲಿ ಬಾಗಿಲು ಹಾಕಿ ನಿಲ್ಲಿಸಿದ ಗಾಡಿಯೊಳಗೆ 55 ಡಿಗ್ರಿ ದಾಟುತ್ತದೆ. ಆ ಶಾಖದಲ್ಲಿ ಯಾವ ಕಂಪ್ರೆಸರೂ ಏದುಸಿರು ಬಿಡುತ್ತದೆ. ಆದ್ದರಿಂದ ಪೆಟ್ಟಿಗೆಯ ಜಾಗ ಇಂಜಿನ್ ಮೇಲೆ ಬೇಡ, ಪಡುವಣ ಬಿಸಿಲು ಬಡಿಯುವ ತಗಡಿಗೆ ಆತುಕೊಂಡೂ ಬೇಡ. ಬಿಸಿಗಾಳಿ ಬಿಡುವ ಜಾಲರಿಯ ಮುಂದೆ ಒಂದು ಗೇಣು ಖಾಲಿ ಬಿಡಿ. ಹಾಸಿಗೆ ಸುರುಳಿ, ಬಟ್ಟೆ ಗಂಟು ಅಲ್ಲಿಗೇ ಬಂದು ಕೂರುತ್ತವೆ, ನಿಗಾ ಇರಲಿ. ಗಾಡಿಯ ನೆತ್ತಿಗೆ ಬಿಳಿ ಬಣ್ಣ ಬಳಿಸಿದರೆ ಒಳಗಿನ ಶಾಖ ಕಣ್ಣಿಗೆ ಕಾಣುವಷ್ಟು ಇಳಿಯುತ್ತದೆ, ಖರ್ಚು ಒಂದು ಡಬ್ಬಿ ಪೇಂಟು. ಇನ್ನು ನಮ್ಮ ಎರಿ ಮಣ್ಣಿನ ಧೂಳು: ಕಬ್ಬಿನ ಹೊಲದ ದಾರಿಯಲ್ಲಿ ವಾರ ತಿರುಗಿದರೆ ಜಾಲರಿ ಮುಚ್ಚಿಹೋಗುತ್ತದೆ. ಬ್ರಷ್‌ನಿಂದ ಝಾಡಿಸಿ. ಪಂಕ್ಚರ್ ಅಂಗಡಿಯ ಗಾಳಿ ಹೊಡೆಸುವವರು ದೂರದಿಂದ ಹೊಡೆಸಿ, ಒಳಗಿನ ತೆಳು ಪಟ್ಟಿಗಳು ಮಡಚಿಕೊಂಡಾವು.

ಬ್ಯಾಟರಿ ಎಂಬ ಇನ್ನೊಂದು ಸಂಸಾರ

ಫ್ರಿಜ್ ಕೊಂಡವರು ನಿಜವಾಗಿ ಕೊಳ್ಳುವುದು ಬ್ಯಾಟರಿಯನ್ನು. 12 ವೋಲ್ಟಿನ 100 ಎಎಚ್ ಸೀಸದ ಬ್ಯಾಟರಿಯಲ್ಲಿ 1.2 ಯೂನಿಟ್ ಇರುತ್ತದೆ. ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯುಷ್ಯ ಕಡಿಮೆಯಾಗುವುದರಿಂದ ಕೈಗೆ ಬರುವುದು 0.6. ಒಂದು ದಿನದ ಫ್ರಿಜ್‌ಗೆ ಇದು ಅಂಚಿನ ಲೆಕ್ಕ. ಅಷ್ಟೇ ಅಂಕಿಯ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ಒಂದು ಯೂನಿಟ್ ಬಳಸಬಹುದು, ತೂಕವೂ ಅರ್ಧ; ಬೆಲೆ ಹೆಚ್ಚು, ಅತಿ ಶಾಖ ಅದಕ್ಕೂ ಆಗದು. ಮನೆಯ ಇನ್ವರ್ಟರಿನ ದೊಡ್ಡ ಟ್ಯೂಬ್ಯುಲರ್ ಬ್ಯಾಟರಿಯನ್ನು ಗಾಡಿಗೆ ಎತ್ತಿ ಹಾಕುವವರನ್ನು ಕಂಡಿದ್ದೇನೆ. ಆಸಿಡ್ ನೀರು ತುಳುಕುತ್ತದೆ, ಚಾರ್ಜ್ ಆಗುವಾಗ ಹತ್ತಿಕೊಳ್ಳುವಂಥ ಗಾಳಿ ಬಿಡುತ್ತದೆ. ಮಲಗುವ ಜಾಗದಲ್ಲಿ ಅದು ಬೇಡವೇ ಬೇಡ.

ಗಾಡಿ ಸ್ಟಾರ್ಟ್ ಮಾಡುವ ಬ್ಯಾಟರಿಗೆ ಫ್ರಿಜ್ ಹಚ್ಚಿ ಮಲಗಿದರೆ ನಸುಕಿನಲ್ಲಿ ನಾಲ್ಕು ಜನ ಸೇರಿ ನೂಕಬೇಕಾಗುತ್ತದೆ. ಎರಡನೇ ಬ್ಯಾಟರಿ ಪ್ರತ್ಯೇಕ ಇರಲಿ, ಇಂಜಿನ್ ಓಡುವಾಗ ಅದಕ್ಕೆ ಚಾರ್ಜ್ ಹೋಗುವ ಹಾಗೆ ನಡುವೆ ಡಿಸಿ-ಡಿಸಿ ಚಾರ್ಜರ್ ಹಾಕಿಸಿ. 20 ಆಂಪಿಯರಿನದಾದರೆ ಎರಡು ತಾಸು ಗಾಡಿ ಹೊಡೆದಾಗ ಅರ್ಧ ಯೂನಿಟ್ ಬಂದುಬಿಡುತ್ತದೆ, ದಿನದ ಫ್ರಿಜ್ ಖರ್ಚು ಮುಗಿಯಿತು. ದಿನಾಲೂ ಓಡುವ ಲಾರಿಯವರಿಗೆ ಸೋಲಾರ್ ಬೇಕಾಗದಿರುವುದು ಇದಕ್ಕೇ. ಲಾರಿಯವರಿಗೆ ಬೇರೊಂದು ಎಚ್ಚರಿಕೆ: ನಿಮ್ಮದು 24 ವೋಲ್ಟ್, ಎರಡು ಬ್ಯಾಟರಿ ಸಾಲಾಗಿ ಜೋಡಿಸಿದ್ದು. 12 ವೋಲ್ಟ್ ಸಿಗುತ್ತದೆಂದು ಒಂದೇ ಬ್ಯಾಟರಿಯಿಂದ ವೈರ್ ಎಳೆದರೆ ಒಂದು ಸೊರಗುತ್ತದೆ, ಇನ್ನೊಂದು ಮಿತಿಮೀರಿ ಚಾರ್ಜಾಗುತ್ತದೆ, ಕೊನೆಗೆ ಎರಡೂ ಹೋಗುತ್ತವೆ. 24ಕ್ಕೆ ನೇರ ಹೊಂದುವ ಫ್ರಿಜ್ಜನ್ನೇ ಕೇಳಿ ಪಡೆಯಿರಿ.

ವೈರಿನ ಮಾತು ಸಣ್ಣದೆನಿಸುತ್ತದೆ, ಆದರೆ ‘ಫ್ರಿಜ್ ಕೆಟ್ಟೈತಿ’ ಎಂಬ ಎಷ್ಟೋ ದೂರಿನ ಮೂಲ ಅಲ್ಲೇ. ಬ್ಯಾಟರಿಯಿಂದ 5 ಮೀಟರ್ ದೂರಕ್ಕೆ 1.5 ಚದರ ಮಿಮೀ ವೈರ್ ಎಳೆದು 5 ಆಂಪಿಯರ್ ಹರಿಸಿದರೆ ಹೋಗಿಬರುವ ದಾರಿಯಲ್ಲೇ 0.6 ವೋಲ್ಟ್ ಕಳೆದುಹೋಗುತ್ತದೆ. ಬ್ಯಾಟರಿ ತುಂಬಿದ್ದರೂ ಫ್ರಿಜ್ ಅದು ಖಾಲಿಯಾಗಿದೆ ಎಂದು ತಿಳಿದು ಆಫ್ ಆಗುತ್ತದೆ. 4 ಚದರ ಮಿಮೀ ತಾಮ್ರದ ವೈರ್ ಹಾಕಿದರೆ ನಷ್ಟ 0.2ಕ್ಕೆ ಇಳಿಯುತ್ತದೆ. ಸಿಗರೇಟ್ ಲೈಟರಿನ ತೂತಿಗೆ ಸಿಕ್ಕಿಸಿದ ಪಿನ್ನು ಗುಂಡಿ ಬಿದ್ದ ರಸ್ತೆಯಲ್ಲಿ ಎಗರಿ ಬೀಳುತ್ತದೆ. ಬಿಗಿಯಾದ ಬೇರೆ ಸಾಕೆಟ್, ಬ್ಯಾಟರಿ ಬುಡದಲ್ಲೇ ಫ್ಯೂಸ್ ಹಾಕಿಸಿ. ಫ್ರಿಜ್‌ನಲ್ಲಿ ಬ್ಯಾಟರಿ ರಕ್ಷಣೆಗೆ ಮೂರು ಹಂತ ಇರುತ್ತವೆ. ಗಾಡಿಯ ಬ್ಯಾಟರಿಗೇ ಹಚ್ಚಿದಾಗ ‘ಹೈ’, ಪ್ರತ್ಯೇಕ ಬ್ಯಾಟರಿಗಾದರೆ ‘ಲೋ’ ಇಲ್ಲವೇ ನಡುವಿನದು.

ಒಂದೇ ಕಡೆ ಎಂಟು ಹತ್ತು ದಿನ ನಿಲ್ಲುವ ಜಾತ್ರೆಯವರಿಗೆ, ಕಟಾವು ತಂಡಕ್ಕೆ ಸೋಲಾರ್ ಬೇಕು. 200 ವ್ಯಾಟಿನ ಪ್ಯಾನೆಲ್ ನಮ್ಮ ಬಿಸಿಲಲ್ಲಿ ದಿನಕ್ಕೆ ಸುಮಾರು 0.7 ಯೂನಿಟ್ ಕೊಡುತ್ತದೆ, ಮೋಡದ ದಿನಗಳಲ್ಲಿ ಅದರ ಅರ್ಧ. ಬಿಸಿಲು ಹೆಚ್ಚಿದಷ್ಟೂ ಕರೆಂಟು ಹೆಚ್ಚು ಅಂದುಕೊಳ್ಳಬೇಡಿ; ಪ್ಯಾನೆಲ್ ಕಾದು 65 ಡಿಗ್ರಿಯಾದರೆ ನೂರಕ್ಕೆ 15ರಷ್ಟು ಬಲ ಇಳಿಯುತ್ತದೆ. ಇಲ್ಲೊಂದು ತಮಾಷೆಯ ಜಗಳವಿದೆ. ಫ್ರಿಜ್‌ಗೆ ಬೇವಿನ ಮರದ ನೆರಳು ಬೇಕು, ನೆತ್ತಿಯ ಮೇಲಿನ ಪ್ಯಾನೆಲ್‌ಗೆ ಬಿಸಿಲು ಬೇಕು. ನನ್ನ ತೀರ್ಪು ನೆರಳಿನ ಕಡೆಗೇ: ಪ್ಯಾನೆಲ್ಲನ್ನು ನೆತ್ತಿಗೆ ಬೋಲ್ಟು ಹೊಡೆಯದೆ ಕೆಳಗಿಳಿಸಿ, 8-10 ಮೀಟರ್ ದಪ್ಪ ವೈರಿನಿಂದ ಬಿಸಿಲಿಗೆ ಹಾಸಿ. ದನ ತುಳಿಯದ ಜಾಗ ನೋಡಿಕೊಳ್ಳಿ.

ಐಸ್ ಪೆಟ್ಟಿಗೆಯನ್ನು ಕಡೆಗಣಿಸಬೇಡಿ

ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೆ ಮಾಮಾ ಕೇಳಿದ್ದು, “ಹಂಗಾದ್ರ ಐಸ್ ಹಾಕಿಕೊಂಡ್ರ ಆಗಂಗಿಲ್ಲೇನ?” ಆಗುತ್ತದೆ, ಎಷ್ಟೋ ಜನರಿಗೆ ಅದೇ ಸರಿ. 10 ಕಿಲೋ ಐಸ್ ಕರಗುವಾಗ 0.93 ಯೂನಿಟ್ ಶಾಖ ಹೀರುತ್ತದೆ. 100 ಎಎಚ್ ಸೀಸದ ಬ್ಯಾಟರಿಯಿಂದ ಕಂಪ್ರೆಸರ್ ಫ್ರಿಜ್ ನಡೆಸಿ ಪಡೆಯುವ ತಂಪು ಹೆಚ್ಚುಕಡಿಮೆ ಅಷ್ಟೇ. ದಪ್ಪ ಗೋಡೆಯ ಒಳ್ಳೆಯ ಐಸ್ ಪೆಟ್ಟಿಗೆಯಲ್ಲಿ ಅದು ಬೇಸಿಗೆಯಲ್ಲೂ ಒಂದೂವರೆ, ಎರಡು ದಿನ ತಡೆಯುತ್ತದೆ. ತೆಳು ಪೆಟ್ಟಿಗೆಯಾದರೆ ಒಂದೇ ದಿನ. ಮೀನಿನವರು ಮೀನು ಸಾಗಿಸುವ ಥರ್ಮಾಕೋಲ್ ಪೆಟ್ಟಿಗೆಯೂ ಮೋಸವಲ್ಲ, ಗೋಣಿಯಲ್ಲಿ ಸುತ್ತಿದರೆ ಇನ್ನೂ ಒಳ್ಳೆಯದು. ದಿನಾ ತಾಲೂಕಿನ ಊರು ಮುಟ್ಟುವವರು, ವರ್ಷಕ್ಕೆ ಒಂದು ಶ್ರೀಶೈಲ ಯಾತ್ರೆ ಮಾಡುವವರು ಐಸ್ ಪೆಟ್ಟಿಗೆಯಲ್ಲೇ ಮುಗಿಸಬಹುದು. ಕಾರ್ಖಾನೆಯ ಐಸನ್ನು ಶರಬತ್ತಿಗೆ ಹಾಕಬೇಡಿ, ಅದರ ನೀರು ತಾಗದ ಹಾಗೆ ಹಾಲನ್ನು ಬಿಗಿ ಡಬ್ಬಿಯಲ್ಲಿಡಿ.

ಇನ್ಸುಲಿನ್ ತೆಗೆದುಕೊಳ್ಳುವವರ ವಿಷಯ ಬೇರೆ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿರಬೇಕು. ತೆರೆದದ್ದು 25-30ರೊಳಗೆ ಸಾಮಾನ್ಯವಾಗಿ ನಾಲ್ಕು ವಾರ ತಡೆಯುತ್ತದೆ, ನಿಮ್ಮ ಔಷಧಿಯ ಚೀಟಿಯಲ್ಲಿ ಏನಿದೆ ಓದಿ. ಅಂದರೆ ದಿನಬಳಕೆಯ ಪೆನ್ನಿಗೆ ಗಡಿಗೆಯ ತಂಪೇ ಸಾಕು, ಸ್ಟಾಕಿಗೆ ಮಾತ್ರ ಫ್ರಿಜ್. ಹೆದರಬೇಕಾದದ್ದು ಬಿಸಿಗಷ್ಟೇ ಅಲ್ಲ, ಹೆಪ್ಪುಗಟ್ಟುವುದಕ್ಕೆ. ಹೆಪ್ಪುಗಟ್ಟಿ ಕರಗಿದ ಇನ್ಸುಲಿನ್ ನೋಡಲು ಹಾಗೇ ಇದ್ದರೂ ಎಸೆಯಬೇಕು. ಕಂಪ್ರೆಸರ್ ಪೆಟ್ಟಿಗೆಯಲ್ಲಿ ತಳ, ಗೋಡೆ ಬಹಳ ತಂಪಿರುತ್ತವೆ, ಔಷಧಿಯನ್ನು ಅರಿವೆಯಲ್ಲಿ ಸುತ್ತಿ ಮೇಲ್ಭಾಗದಲ್ಲಿಡಿ. ಐಸ್ ಜೊತೆ ಇಡುವವರು ಲಸಿಕೆ ಹಾಕಲು ಬರುವ ಸಿಸ್ಟರ್‌ಗಳನ್ನು ನೋಡಿ ಕಲಿಯಬಹುದು. ಅವರ ನೀಲಿ ಡಬ್ಬಿಯಲ್ಲಿ ನಾಲ್ಕು ಐಸ್ ಪ್ಯಾಕ್ ಇರುತ್ತವೆ. ಫ್ರೀಜರಿನಿಂದ ತೆಗೆದ ಕೂಡಲೇ ಹಾಕುವುದಿಲ್ಲ, ಮೈ ಬೆವರಿ, ಅಲ್ಲಾಡಿಸಿದರೆ ಒಳಗೆ ನೀರಿನ ಸದ್ದು ಬರುವವರೆಗೆ ಹೊರಗಿಟ್ಟು ಆಮೇಲೆ ಹಾಕುತ್ತಾರೆ.

ಅಂಗಡಿಯಲ್ಲಿ, ಮನೆಯಲ್ಲಿ

ಕೊಳ್ಳುವ ಮೊದಲು ನಿಮ್ಮೂರಿನ ಫ್ರಿಜ್ ಮೆಕ್ಯಾನಿಕ್‌ಗೆ ಮಾದರಿಯ ಫೋಟೋ ತೋರಿಸಿ, ಅದರೊಳಗಿನ ಗ್ಯಾಸು ಯಾವುದು, ಅವರ ಹತ್ತಿರ ಇದೆಯೇ ಕೇಳಿ. ಆರ್134ಎ ಆದರೆ ಹಳೆಯ ಪರಿಚಯ. ಆರ್600ಎ ಹತ್ತಿಕೊಳ್ಳುವಂಥದ್ದು, ಬಲ್ಲವರೇ ಮುಟ್ಟಬೇಕು. ಆದರೆ ಈ ಪೆಟ್ಟಿಗೆಗಳಲ್ಲಿ ಕಂಪ್ರೆಸರಿಗಿಂತ ಮೊದಲು ಅದನ್ನು ನಡೆಸುವ ಸರ್ಕ್ಯೂಟ್ ಬೋರ್ಡ್ ಕೈಕೊಡುವ ಸಂಭವ ಹೆಚ್ಚು. ಬೋರ್ಡ್ ಬಿಡಿಯಾಗಿ ಸಿಗುತ್ತದೆಯೇ, ವಾರಂಟಿಯಲ್ಲಿ ಪೆಟ್ಟಿಗೆಯನ್ನು ಯಾವ ಊರಿಗೆ ಕಳಿಸಬೇಕು, ಸಾಗಣೆ ಖರ್ಚು ಯಾರದು? ಈ ಮೂರಕ್ಕೆ ಬರಹದಲ್ಲಿ ಉತ್ತರ ಕೊಡದ ಅಂಗಡಿಯಿಂದ ಎದ್ದು ಬನ್ನಿ.

ಮನೆಗೆ ಬಂದ ಪೆಟ್ಟಿಗೆಯನ್ನು ಕೂಡಲೇ ಚಾಲೂ ಮಾಡಬೇಡಿ. ದಾರಿಯಲ್ಲಿ ಮಗ್ಗಲಾಗಿ ಮಲಗಿಸಿ ತಂದಿರಬಹುದು, ಕಂಪ್ರೆಸರಿನ ಎಣ್ಣೆ ಕೆಳಗಿಳಿಯಲು ಕೆಲವು ತಾಸು ನೆಟ್ಟಗೆ ನಿಲ್ಲಿಸಿ. ಆಮೇಲೆ ಗಾಡಿಗೆ ಏರಿಸುವ ಮೊದಲು ಎರಡು ದಿನ ಮನೆಯ ಅತಿ ಸೆಕೆಯ ಕೋಣೆಯಲ್ಲಿ ಪರೀಕ್ಷೆ ಮಾಡಿ: ಒಳಗೆ ಒಂದು ಲೋಟ ನೀರು, ನೀರಲ್ಲಿ ಥರ್ಮಾಮೀಟರ್. ಗಾಳಿಯ ಅಂಕಿ ನಂಬಬೇಡಿ, ನೀರಿನ ಅಂಕಿ ನಂಬಿ. ಮಧ್ಯಾಹ್ನ ಮೂರಕ್ಕೆ 5ರ ಆಸುಪಾಸು ಇದ್ದರೆ ಗೆದ್ದಿರಿ. 10 ದಾಟಿದ್ದರೆ ವಾಪಸ್ ಕೊಡುವ ಅವಧಿ ಮುಗಿಯುವ ಮೊದಲೇ ಕೊಡಿ. ಹೊರಡುವ ಹಿಂದಿನ ರಾತ್ರಿ ಮನೆಯ ಕರೆಂಟಿನಲ್ಲೇ ತಂಪು ಮಾಡಿ, ಹಾಲನ್ನು ಕಾಯಿಸಿ ಆರಿಸಿ ಮನೆಯ ಫ್ರಿಜ್‌ನಲ್ಲಿ ತಣಿಸಿಯೇ ಒಳಗಿಡಿ. ಬಿಸಿ ಪಾತ್ರೆ ಇಟ್ಟರೆ ಅದನ್ನು ಆರಿಸುವ ಖರ್ಚು ಬ್ಯಾಟರಿಯದು. ಜಾಗ ಉಳಿದರೆ ಹೆಪ್ಪುಗಟ್ಟಿಸಿದ ಎರಡು ನೀರಿನ ಬಾಟಲಿ ಸೇರಿಸಿ, ಮಧ್ಯಾಹ್ನದ ಭಾರವನ್ನು ಅವು ಹೊರುತ್ತವೆ.

ಮಾಮಾ ಆ ಮೊದಲಿನ ಪೆಲ್ಟಿಯರ್ ಪೆಟ್ಟಿಗೆಯನ್ನು ಈಗ ಗುಲಾಬಿ, ಮಲ್ಲಿಗೆ ಇಡಲು ಅತ್ತೆಗೆ ಕೊಟ್ಟಿದ್ದಾನೆ. ಹೂವಿಗೆ 23 ಡಿಗ್ರಿ ಧಾರಾಳ. ಟೆಂಪೋದಲ್ಲಿ 30 ಲೀಟರಿನ ಕಂಪ್ರೆಸರ್ ಪೆಟ್ಟಿಗೆ ಕೂತಿದೆ, ಪಕ್ಕದಲ್ಲಿ ಅದೇ ಹಳೆಯ ಗಡಿಗೆ. ಹಂಗಾಮು ಮುಗಿದಾಗ ಅವನು ಮಾಡುವ ಕೆಲಸ ನೀವೂ ಮಾಡಿ: ಸೋಡಾಪುಡಿ ಕಲಸಿದ ನೀರಿನಿಂದ ಒಳಗೆ ಒರೆಸಿ, ವೈರನ್ನು ಇಲಿಗೆ ಸಿಗದಂತೆ ಡಬ್ಬಿಯಲ್ಲಿ ಸುತ್ತಿಟ್ಟು, ಮುಚ್ಚಳದ ಸಂದಿಗೆ ಒಂದು ತುಂಡು ಜೋಳದ ದಂಟು ಸಿಕ್ಕಿಸಿ. ಪೂರ್ತಿ ಮುಚ್ಚಿಟ್ಟ ಪೆಟ್ಟಿಗೆಯ ವಾಸನೆ ಮುಂದಿನ ಜಾತ್ರೆಯವರೆಗೂ ಹೋಗುವುದಿಲ್ಲ.